ಹುತ್ತ ಮಣ್ಣೋ, ಜೀವವೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಶಾಲೆಗಳಲ್ಲಿ ಪರಿಸರದ ಪಾಠ ಶುರುವಾಗಿದೆ. ಚಿತ್ರದುರ್ಗ, ದಾವಣಗೆರೆ ಕಡೆಯ ಶಿಕ್ಷಕರು ಮತ್ತು ಮಕ್ಕಳು ಜೈವಿಕ, ಅಜೈವಿಕ (ಜೀವ ಇರುವ, ಜೀವ ಇಲ್ಲದ) ಘಟಕಗಳ ಬಗ್ಗೆ ಕೇಳಿದ್ದಾರೆ. ರೈತರ ಪತ್ರಗಳಲ್ಲಿ ಆ ಪದಗಳು ಇಲ್ಲ, ಕೇಳಿರುವುದು ಮಾತ್ರ ಅದನ್ನೇ. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮರ, ದನ, ಹುಳು ಜೈವಿಕ; ನೀರು, ಗಾಳಿ, ಕಲ್ಲು ಅಜೈವಿಕ ಎಂದು ಹೇಳಿಕೊಟ್ಟೆ. ಒಬ್ಬ ಹುಡುಗ ಒಣಗಿದ ಬೇವಿನೆಲೆ ಹಿಡಿದು ಬಂದು "ಇದು ಯಾವುದರಲ್ಲಿ ಸೇರುತ್ತೆ ಮಿಸ್?" ಅಂದ. ಸಗಣಿ, ಮೂಳೆ, ಒಣಕೊಂಬೆ ಎಲ್ಲಕ್ಕೂ ಇದೇ ತೊಡಕು. ಏನು ಹೇಳಲಿ?
ಪ್ರೌಢಶಾಲಾ ಶಿಕ್ಷಕಿ, ಹೊಳಲ್ಕೆರೆ

ಉತ್ತರ: ಹುಡುಗ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾನೆ. ಎರಡೇ ಬುಟ್ಟಿ ಇಟ್ಟರೆ ಒಣ ಎಲೆಗೆ ಜಾಗ ಸಿಗುವುದಿಲ್ಲ, ಮೂರು ಬುಟ್ಟಿ ಇಡಿ: ಜೀವ ಇರುವುದು, ಒಮ್ಮೆ ಜೀವ ಇದ್ದದ್ದು, ಎಂದೂ ಜೀವ ಇಲ್ಲದ್ದು. ಪುಸ್ತಕಗಳಲ್ಲೂ ಇಲ್ಲಿ ಒಮ್ಮತ ಇಲ್ಲ. ಕೆಲವು ಪಠ್ಯಗಳು ಸತ್ತ ಎಲೆ, ಕಟ್ಟಿಗೆ, ಸಗಣಿಯನ್ನು ಜೀವಿಗಳಿಂದ ಬಂದವೆಂದು ಜೈವಿಕದ ಕಡೆಗೆ ಸೇರಿಸುತ್ತವೆ. ಪರಿಸರ ವ್ಯವಸ್ಥೆಯ ಲೆಕ್ಕ ಬರೆಯುವವರು ಕೊಳೆಯುವ ಸಾವಯವ ವಸ್ತುವನ್ನು ಅಜೈವಿಕ ಪಟ್ಟಿಯಲ್ಲಿ ಬೇರೆ ಸಾಲು ಮಾಡಿ ಬರೆಯುವುದೂ ಉಂಟು. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕ ಹೇಳಿದಂತೆ ಬರೆಯಲಿ. ತರಗತಿಯಲ್ಲಿ ಮಾತ್ರ "ಇದು ಎಲ್ಲಿಗೆ ಸೇರುತ್ತದೆ" ಎನ್ನುವುದಕ್ಕಿಂತ "ಇದು ಮುಂದೆ ಏನಾಗುತ್ತದೆ" ಎಂದು ಕೇಳಿಸಿ.

ಅದನ್ನು ಕಣ್ಣಿಗೆ ಕಾಣಿಸಲು ಒಂದು ಪ್ರಯೋಗ ಇದೆ. ಬೇವಿನ ಎಲೆ, ಹೊಂಗೆ ಎಲೆಗಳನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ತಲಾ 10 ಗ್ರಾಂ ತೂಗಿ ಸೊಳ್ಳೆಪರದೆ ಬಟ್ಟೆಯ ಚೀಲಗಳಲ್ಲಿ ಹಾಕಿ ಹೊಲಿಯಿರಿ. ಒಂದೊಂದು ಎಲೆಗೆ ಆರು ಚೀಲ ಬೇಕು. ಮೂರನ್ನು ಗಿಡದ ನೆರಳಿನ ತೇವದ ಮಣ್ಣಲ್ಲಿ, ಮೂರನ್ನು ಬಯಲಿನ ಒಣ ಮಣ್ಣಲ್ಲಿ ನಾಲ್ಕು ಬೆರಳು ಆಳಕ್ಕೆ ಹೂಳಿ. 15, 30, 60ನೇ ದಿನ ಎರಡೂ ಕಡೆಯಿಂದ ಒಂದೊಂದು ಚೀಲ ತೆಗೆದು, ಮಣ್ಣು ಕೊಡವಿ, ಒಣಗಿಸಿ ತೂಗಿ. ಒಣಗಿಸದೆ ತೂಗಿದರೆ ನೀರಿನ ಭಾರ ಸೇರಿ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ. ತೇವದ ಕಡೆ ಎಲೆ ಬೇಗ ಕರಗಿರುತ್ತದೆ, ಒಣ ಕಡೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಎಲೆ ತಿನ್ನುವ ಶಿಲೀಂಧ್ರ, ಬ್ಯಾಕ್ಟೀರಿಯಾ ಎರಡೂ ಕಡೆ ಇವೆ. ಅವಕ್ಕೆ ಕೆಲಸ ಮಾಡಲು ಅಪ್ಪಣೆ ಕೊಡುವುದು ನೀರು. ಜತೆಗೆ ಒಂದು ತುಂಡು ಪ್ಲಾಸ್ಟಿಕ್ ಕವರನ್ನೂ ಹೂಳಿಸಿ, 60ನೇ ದಿನ ಅದರ ತೂಕವನ್ನು ಮಕ್ಕಳೇ ಓದಲಿ.

ಪ್ರಶ್ನೆ: ದುರ್ಗದ ಕೋಟೆಯ ಬಂಡೆಗಳ ಮೇಲೆ ಬೂದು, ತಿಳಿಹಸಿರು, ಕಿತ್ತಳೆ ಬಣ್ಣದ ಮಚ್ಚೆಗಳಿವೆ. ಅದು ಕಲ್ಲಿನದೇ ಬಣ್ಣವೋ, ಬೆಳೆದದ್ದೋ?
ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಎರಡೂ ಇವೆ, ಬೇರ್ಪಡಿಸುವುದು ಸುಲಭ. ಒಣ ದಿನ ನೋಡಿ ಮಚ್ಚೆಯ ಮೇಲೆ ನಾಲ್ಕು ಹನಿ ನೀರು ಬಿಡಿ. ಬೂದು ಬಣ್ಣ ಒಂದೆರಡು ನಿಮಿಷದಲ್ಲಿ ಹಸಿರಿಗೆ ತಿರುಗಿದರೆ ಅದು ಕಲ್ಲುಹೂವು, ಜೀವ ಇರುವ ವಸ್ತು. ನೀರು ಹೀರಿದ ಮೇಲ್ಪದರ ತೆಳುವಾಗಿ, ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಆದ ಕೆಂಚು ಕಲೆಯಾದರೆ ನೀರು ಬಿದ್ದಾಗ ಬರೀ ಕಪ್ಪಾಗುತ್ತದೆ, ಹಸಿರಾಗುವುದಿಲ್ಲ. ಅದಕ್ಕೆ ಅಂಚು ಅಂತಲೂ ಇರುವುದಿಲ್ಲ. ಕಿತ್ತಳೆ ಕಲ್ಲುಹೂವು ಹಸಿರಾಗುವುದು ಅಷ್ಟು ಚೆನ್ನಾಗಿ ಕಾಣದು. ಅದನ್ನು 10 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಿ: ಗುಂಡಗಿನ ಅಂಚು, ನಡುವೆ ಚಿಕ್ಕ ಬಟ್ಟಲಿನಂಥ ಗುಳಿಗಳು ಕಂಡರೆ ಅದೂ ಕಲ್ಲುಹೂವೇ.

ಕಲ್ಲುಹೂವು ಒಂದೇ ಜೀವಿಯಲ್ಲ. ಶಿಲೀಂಧ್ರವೊಂದು ಗೂಡು ಕಟ್ಟಿ ಒಳಗೆ ಪಾಚಿಯನ್ನು ಇಟ್ಟುಕೊಂಡಿರುತ್ತದೆ. ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿಕೊಡುತ್ತದೆ, ಶಿಲೀಂಧ್ರ ನೆಲೆಯನ್ನೂ ತೇವವನ್ನೂ ಕೊಡುತ್ತದೆ. ದುರ್ಗದ ಬಿಸಿಲಿಗೆ ಬಂಡೆ ಮುಟ್ಟಲಾಗದಷ್ಟು ಕಾಯ್ದಾಗ ಇದು ಪೂರ್ತಿ ಒಣಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಬೆಳಗಿನ ಇಬ್ಬನಿ ಬಿದ್ದರೆ ಸಾಕು, ಮತ್ತೆ ಕೆಲಸ ಶುರು. ಇದು ಬಿಡುವ ಆಮ್ಲಗಳು ಕಲ್ಲಿನ ಖನಿಜವನ್ನು ತುಸುತುಸುವೇ ಸಡಿಲಿಸುತ್ತವೆ. ಆ ಪುಡಿ, ಗಾಳಿಯ ದೂಳು, ಸತ್ತ ಕಲ್ಲುಹೂವು ಸಂದಿಗಳಲ್ಲಿ ಸೇರಿ ಮಣ್ಣಾಗಿ, ಮೊದಲು ಹಾವಸೆ, ಆಮೇಲೆ ಹುಲ್ಲು ಬೇರಿಡುತ್ತವೆ. ಕಲ್ಲು ಮಣ್ಣಾಗುವುದನ್ನು ನಿಂತು ನೋಡಬೇಕೆಂದರೆ ಕೋಟೆಯ ಬಂಡೆ ಸಂದಿಗಿಂತ ಒಳ್ಳೆಯ ಜಾಗ ನಿಮ್ಮ ಊರಲ್ಲಿಲ್ಲ.

ಒಂದು ವಿನಂತಿ. ಮಾದರಿಗೆಂದು ಕೆರೆದು ತೆಗೆಯಬೇಡಿ. ಬಂಡೆಗೆ ಅಂಟಿಕೊಂಡು ಬೆಳೆಯುವ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹಿಗ್ಗಿದರೆ ಹೆಚ್ಚು, ಅಂಗೈಯಗಲದ ಮಚ್ಚೆಗೆ ನಿಮ್ಮ ಅಜ್ಜನ ವಯಸ್ಸಾಗಿರಬಹುದು. ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ, ಮುಂದಿನ ವರ್ಷ ಅದೇ ತಿಂಗಳು ಮತ್ತೆ ತೆಗೆಯಿರಿ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಆಳೆತ್ತರದ ಹುತ್ತ ಇದೆ. ಹುತ್ತಕ್ಕೆ ಜೀವ ಇದೆಯೇ? ಗೆದ್ದಲು ಹೋಗಲೆಂದು ಔಷಧ ಸುರಿಯಲು ಮನೆಯಲ್ಲಿ ಹೇಳುತ್ತಿದ್ದಾರೆ.
ಕೃಷಿಕ ಮಹಿಳೆ, ಮೊಳಕಾಲ್ಮೂರು ತಾಲ್ಲೂಕು

ಉತ್ತರ: ಹುತ್ತದ ಗೋಡೆ ಬರೀ ಮಣ್ಣು. ಗೆದ್ದಲು ಕೆಳಗಿನಿಂದ ಜೇಡಿ ತಂದು ಜೊಲ್ಲಿನಲ್ಲಿ ಕಲಸಿ ಕಟ್ಟಿದ್ದು. ಒಳಗಿರುವ ಗೆದ್ದಲು, ಅವು ಸಾಕಿಕೊಂಡ ಶಿಲೀಂಧ್ರ ಜೀವ. ಒಣ ಕಡ್ಡಿ, ಎಲೆ ತಂದು ಜೇನುಗೂಡಿನ ಹಾಗೆ ತೂತುತೂತಾದ ಉಂಡೆ ಮಾಡಿ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ಅಣಬೆ ಈ ತೋಟದ್ದೇ. ಒಳಗಿನ ಬಿಸಿ ಗಾಳಿ ಮೇಲೇರಿ, ಹೊಸ ಗಾಳಿ ಗೋಡೆಯ ಸಣ್ಣ ರಂಧ್ರಗಳಿಂದ ಬರುವಂತೆ ಮಣ್ಣನ್ನು ಕಟ್ಟಿರುತ್ತವೆ. ಹಾವು ಹುತ್ತ ಕಟ್ಟುವುದಿಲ್ಲ, ಬಿಟ್ಟ ಹುತ್ತಕ್ಕೆ ಬಂದು ಸೇರುತ್ತದೆ.

ಗೆದ್ದಲು ಇದೆಯೋ ಇಲ್ಲವೋ ತಿಳಿಯಲು ತುದಿಯಲ್ಲಿ ಎರಡು ಬೆರಳಗಲ ಮಾತ್ರ ಉದ್ದನೆಯ ಕಡ್ಡಿಯಿಂದ ಕೆದರಿ, ಕೈ ಹಾಕಬೇಡಿ. ಮರುದಿನ ಬೆಳಿಗ್ಗೆಗೆ ಅಲ್ಲಿ ಹಸಿ ಮಣ್ಣಿನ ತೇಪೆ ಇದ್ದರೆ ಒಳಗೆ ಸಂಸಾರ ಇದೆ. ಬದುವಿನ ಹುತ್ತಕ್ಕೆ ಔಷಧ ಬೇಡ. ನೀರು ಇಂಗಲು ಅದರ ಬಿಲಗಳು ದಾರಿ, ಒಣ ಕಸವನ್ನು ಮಣ್ಣಿಗೆ ಸೇರಿಸುವುದೂ ಗೆದ್ದಲುಗಳೇ. ಬೆಳೆಗೆ ಗೆದ್ದಲು ಬೀಳುವುದು ಬಹುಪಾಲು ನೆಲ ಒಣಗಿ, ತಿನ್ನಲು ಸತ್ತ ಕಸ ಸಿಗದಾಗ. ಅರೆಬೆಂದ ಗೊಬ್ಬರ ಹಾಕಿದರೂ ಅದರ ಬೆನ್ನು ಹತ್ತಿ ಹೊಲಕ್ಕೆ ಬರುತ್ತವೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ.

ಪ್ರಶ್ನೆ: ಶೇಂಗಾ ಬೀಜಕ್ಕೆ ರೈಜೋಬಿಯಂ ಪೊಟ್ಟಣ ತಂದು ಹಚ್ಚಿದೆ. ಏನೂ ಫರಕ್ ಕಾಣಲಿಲ್ಲ. ಇದರಲ್ಲಿ ನಿಜವಾಗಿ ಜೀವ ಇರುತ್ತದೆಯೇ? ಕಾಯಿಯೂ ಬಹಳ ಜೊಳ್ಳು.
ರೈತರು, ಚಳ್ಳಕೆರೆ ತಾಲ್ಲೂಕು

ಉತ್ತರ: ಜೀವ ಇರುತ್ತದೆ, ಅದಕ್ಕೇ ಸಾಯುತ್ತದೆ ಕೂಡ. ರೈಜೋಬಿಯಂ ಎಂದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ. ರಸಗೊಬ್ಬರದ ಚೀಲದಂತೆ ಮೂಲೆಯಲ್ಲಿ ಬಿಸಾಕಿದರೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಸೂರಿನಡಿ, ಬೈಕಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇಟ್ಟರೂ ಪೊಟ್ಟಣದೊಳಗಿನ ಬ್ಯಾಕ್ಟೀರಿಯಾ ಬಹುಪಾಲು ಮುಗಿದಂತೆ. ಕೊಳ್ಳುವಾಗ ಅವಧಿ ದಿನಾಂಕ ನೋಡಿ, ಮಣ್ಣಿನ ಮಡಕೆಯಲ್ಲೋ ತಂಪು ಕೋಣೆಯಲ್ಲೋ ಇಡಿ.

ಹಚ್ಚುವ ಕ್ರಮ ಮುಖ್ಯ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಕೀಟನಾಶಕ ಆಮೇಲೆ, ಎರಡೂ ಒಣಗಿದ ಮೇಲೆ ಕೊನೆಗೆ ರೈಜೋಬಿಯಂ. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಕಲಸಿದರೆ ಔಷಧವೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಿಸಿ, ಪೊಟ್ಟಣದ ಪುಡಿಯನ್ನು ಅದರಲ್ಲಿ ಕಲಸಿ, ಬೀಜದ ಸಿಪ್ಪೆ ಸುಲಿಯದಂತೆ ಹಗುರಾಗಿ ಹೊರಳಿಸಿ. ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ. ಒಂದು ಪೊಟ್ಟಣ ಎಷ್ಟು ಬೀಜಕ್ಕೆ ಸಾಕು ಎಂಬುದು ಅದರ ಮೇಲೇ ಇರುತ್ತದೆ, ನೀರು ಹೆಚ್ಚು ಮಾಡಿ ಎಳೆಯಬೇಡಿ.

ಫಲ ಕಂಡಿಲ್ಲ ಎನ್ನುವ ಮುಂಚೆ ಬೇರು ನೋಡಬೇಕು. ಬಿತ್ತಿ 35–40 ದಿನಕ್ಕೆ ಹೊಲದ ಐದು ಕಡೆ ಒಂದೊಂದು ಗಿಡವನ್ನು ಕೀಳದೆ, ಸನಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ನೀರಲ್ಲಿ ನೆನೆಸಿ ತೊಳೆಯಿರಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉದುರಿ "ಗಂಟೇ ಇಲ್ಲ" ಅನ್ನಿಸುತ್ತದೆ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಮಾಂಸದಂಥ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ಕೆಲಸ ಮಾಡದ್ದು, ಹಸಿರುಬೂದಿ ಇದ್ದರೆ ಅದರ ಕಾಲ ಮುಗಿದಿದೆ. ಆ ಕೆಂಪು ನಮ್ಮ ರಕ್ತದ ಕೆಂಪಿನ ನೆಂಟ, ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನು.

ಯೂರಿಯಾ ಹೆಚ್ಚಾದರೂ ಗಂಟು ಕಟ್ಟುವುದಿಲ್ಲ. ಪುಕ್ಕಟೆ ಸಾರಜನಕ ಬೇರಿನ ಬಳಿಯೇ ಇರುವಾಗ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟು ಸಾಕುವುದಿಲ್ಲ. ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 10 ಕಿಲೋ ಸಾರಜನಕ ಸಾಕು. ಒಂದು ಚೀಲ, ಅಂದರೆ 50 ಕಿಲೋ ಡಿಎಪಿಯಲ್ಲೇ (ಸಾರಜನಕ, ರಂಜಕ ಇರುವ ರಸಗೊಬ್ಬರ) 9 ಕಿಲೋ ಬಂದುಬಿಡುತ್ತದೆ. ಅದರ ಮೇಲೆ ಯೂರಿಯಾ ಎರಚುವುದು ಎರಡು ಸಲ ನಷ್ಟ.

ಜೊಳ್ಳಿಗೆ ಕಾರಣ ಬೇರೆ, ಸುಣ್ಣದಂಶ. ಶೇಂಗಾ ಹೂವು ಬಾಡಿ ಸೂಜಿ, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ತೊಟ್ಟು, ಮಣ್ಣಿಗೆ ಇಳಿದ ಮೇಲೆ, ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ದಾರಿಯಲ್ಲಿ ಅಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಇರುವ ಜಿಪ್ಸಂ ಅನ್ನು ಎಕರೆಗೆ 200 ಕಿಲೋ ಲೆಕ್ಕದಲ್ಲಿ, ಸೂಜಿ ಇಳಿಯುವ ಹೊತ್ತಿಗೆ ಸಾಲಿನ ಬುಡಕ್ಕೇ ಹಾಕಿ ಮಣ್ಣು ಏರಿಸಿ. ಮೇಲಿನ ಎರಡು ಅಂಗುಲ ಮಣ್ಣಲ್ಲಿ ಹಸಿ ಇಲ್ಲದಿದ್ದರೆ ಜಿಪ್ಸಂ ಕರಗುವುದಿಲ್ಲ. ಬರ ಬಿದ್ದ ವರ್ಷ ಜೊಳ್ಳು ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಎಷ್ಟಿದೆ ನೋಡಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75 ದಾಟಿದರೆ ಒಳ್ಳೆಯದು. ಪೊಟ್ಟಣದ ಜೀವಿಗಳು ಹೊಲದಲ್ಲಿ ಉಳಿಯಬೇಕೆಂದರೆ ಅವಕ್ಕೆ ಅಲ್ಲಿ ಊಟ ಇರಬೇಕು, ಆ ಊಟವೇ ಈ ಇಂಗಾಲ.

ಪ್ರಶ್ನೆ: ಭದ್ರಾ ನಾಲೆಯ ಗದ್ದೆ. ಬೆಂಕಿ ಹಚ್ಚಬಾರದು ಎಂದು ಹುಲ್ಲನ್ನು ರೋಟಾವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿದೆವು. ನಾಟಿ ಮಾಡಿ ಹದಿನೈದು ದಿನಕ್ಕೆ ಪೈರು ಹಳದಿ ತಿರುಗಿತು. ಸುಟ್ಟಿದ್ದರೇ ಚೆನ್ನಾಗಿತ್ತೇನೋ?
ರೈತರು, ದಾವಣಗೆರೆ ತಾಲ್ಲೂಕು

ಉತ್ತರ: ಸುಡದಿದ್ದದ್ದು ಸರಿ, ಅವಸರ ಮಾಡಿದ್ದು ತಪ್ಪಾಗಿದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5–6 ಕಿಲೋ ಸಾರಜನಕ, 20 ಕಿಲೋಗೂ ಮೀರಿ ಪೊಟ್ಯಾಷ್ ಇರುತ್ತದೆ. ಸುಟ್ಟರೆ ಸಾರಜನಕವೂ ಇಂಗಾಲವೂ ಹೊಗೆಯಲ್ಲಿ ಹೋಗುತ್ತವೆ.

ಆದರೆ ಹುಲ್ಲಿನಲ್ಲಿ ಒಂದು ಭಾಗ ಸಾರಜನಕಕ್ಕೆ 60–80 ಭಾಗ ಇಂಗಾಲ ಇದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ಊಟದಲ್ಲಿ ಅದು 25ರ ಆಸುಪಾಸು ಇರಬೇಕು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ನಿಮ್ಮ ಪೈರು ಹಸಿದು ಕೂರುತ್ತದೆ. ಹುಲ್ಲು ಸೇರಿಸಿ ನಾಟಿಗೆ ಮೂರು ವಾರ ಬಿಡಿ. ಆ ಅವಧಿಯಲ್ಲಿ ಗದ್ದೆ ಹಸಿ ಇರಲಿ, ನೀರು ನಿಲ್ಲುವುದು ಬೇಡ. ಬುಡಗೊಬ್ಬರದ ಯೂರಿಯಾದಲ್ಲಿ ಒಂದು ಪಾಲನ್ನು ಹುಲ್ಲು ಸೇರಿಸುವಾಗಲೇ ಕೊಡಿ.

ಈಗಿನ ಪೈರಿಗೆ: ಗದ್ದೆಗಿಳಿದು ಕಾಲು ಇಡಿ. ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬೇರು ಕಪ್ಪಗಿದ್ದರೆ, ಗಾಳಿಯಿಲ್ಲದೆ ಹುಲ್ಲು ಕೊಳೆಯುತ್ತಿದೆ. ನೀರು ಬಸಿದು ಮೂರು ನಾಲ್ಕು ದಿನ ಬಿಡಿ, ಕೂದಲೆಳೆಯಂಥ ಬಿರುಕು ಕಂಡ ಮೇಲೆ ನೀರು ಕಟ್ಟಿ ಮೇಲುಗೊಬ್ಬರ ಕೊಡಿ. ನೀರು ಬಸಿಯದೆ ಯೂರಿಯಾ ಮಾತ್ರ ಎರಚಿದರೆ ಬೇರು ಹೀರುವುದಿಲ್ಲ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಮೋಡದ ದಿನಗಳ ಮರುದಿನ ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುತ್ತವೆ, ಕೆಲವು ಸಾಯುತ್ತವೆ. ಯಾರೋ ವಿಷ ಹಾಕಿದ್ದಾರೆ ಎಂದು ಊರಲ್ಲಿ ಜಗಳವಾಗಿದೆ.
ಮೀನು ಸಾಕಣೆದಾರರು, ಚನ್ನಗಿರಿ ತಾಲ್ಲೂಕು

ಉತ್ತರ: ಜಗಳ ನಿಲ್ಲಿಸಿ, ಮೊದಲು ನೀರಿನ ಬಣ್ಣ ನೋಡಿ. ನೀವು ಹೇಳಿದ ಹೊತ್ತು, ಮೋಡ, ಬಾಯಿ ತೆರೆಯುವುದು ಮೂರೂ ಆಮ್ಲಜನಕದ ಕೊರತೆಯ ಕಡೆ ಬೊಟ್ಟು ಮಾಡುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ 7.5. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನಿನಂತೆ ಉಸಿರಾಡಿ ಖರ್ಚು ಮಾಡುತ್ತದೆ. ಮೋಡ ಇದ್ದರೆ ಹಗಲಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಅಷ್ಟೇ. ಸೂರ್ಯ ಹುಟ್ಟುವ ಮುಂಚೆ ತಳ ಮುಟ್ಟುತ್ತದೆ. 3 ಮಿಲಿಗ್ರಾಂಗಿಂತ ಇಳಿದರೆ ಮೀನಿಗೆ ಸಂಕಟ, ಇನ್ನೂ ಇಳಿದರೆ ಸಾವು.

ವಿಷವಾದರೆ ಹೊತ್ತು ಗೊತ್ತು ಇರುವುದಿಲ್ಲ, ಚಿಕ್ಕದು ದೊಡ್ಡದು ಎನ್ನದೆ ಸಾಯುತ್ತವೆ, ನೀರಿನ ಹುಳುಗಳೂ ಸಾಯುತ್ತವೆ. ಉಸಿರಿನ ಕೊರತೆಯಲ್ಲಿ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತವೆ, ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ.

ಪಾಚಿ ಎಷ್ಟಿದೆ ತಿಳಿಯಲು 20 ಸೆಂ.ಮೀ. ಅಗಲದ ತಗಡಿನ ಬಿಲ್ಲೆಗೆ ಕಪ್ಪು ಬಿಳಿ ಬಣ್ಣ ಬಳಿದು ಹಗ್ಗ ಕಟ್ಟಿ, ಮಧ್ಯಾಹ್ನ ನೀರಿಗಿಳಿಸಿ. 30–40 ಸೆಂ.ಮೀ.ಗೆ ಮರೆಯಾದರೆ ಪಾಚಿ ಹದವಾಗಿದೆ. 20ಕ್ಕೆ ಮುಂಚೆಯೇ ಮರೆಯಾದರೆ ಅತಿಯಾಗಿದೆ. ಸಗಣಿ, ಗೊಬ್ಬರ, ತೌಡು ಹಾಕುವುದನ್ನು ಅಂದೇ ನಿಲ್ಲಿಸಿ. ಮೀನು ಮೇಲೆ ಬಂದ ಬೆಳಿಗ್ಗೆ ಪಂಪ್ ಹಚ್ಚಿ ಕೆರೆ ನೀರನ್ನೇ ಎತ್ತರದಿಂದ ಕಾರಂಜಿಯಂತೆ ಬೀಳಿಸಿ. ಗಾಬರಿಯಲ್ಲಿ ಪಾಚಿ ಕೊಲ್ಲುವ ಔಷಧ ಹಾಕಬೇಡಿ. ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವೂ ಖಾಲಿಯಾಗಿ ಎರಡನೇ ರಾತ್ರಿ ಇನ್ನೂ ಹೆಚ್ಚು ಸಾಯುತ್ತವೆ. ಅಂತರಗಂಗೆಯಂಥ ಜಲಕಳೆ ಮುಚ್ಚಿದ್ದರೆ ಅದನ್ನು ದಡಕ್ಕೆ ಎಳೆದು ಹಾಕಿ, ನೀರಲ್ಲೇ ಕೊಚ್ಚಿ ಬಿಡಬೇಡಿ.

ಪ್ರಶ್ನೆ: ಕೊಂಡುಕುರಿ ರಂಗಯ್ಯನದುರ್ಗದ ಕುರುಚಲಲ್ಲಿ, ಕೃಷ್ಣಮೃಗ ಬಯಲಲ್ಲಿ. ಎರಡೂ ಹುಲ್ಲೆಯೇ ಅಲ್ಲವೇ?
ವಿದ್ಯಾರ್ಥಿನಿ, ಜಗಳೂರು

ಉತ್ತರ: ಎರಡೂ ಹುಲ್ಲೆಯೇ, ಬದುಕುವ ರೀತಿ ಬೇರೆ. ಕೃಷ್ಣಮೃಗ ದೂರದಿಂದಲೇ ಅಪಾಯ ಕಂಡು ಓಡಿ ಬದುಕುತ್ತದೆ, ಅದಕ್ಕೆ ಬಯಲು ಬೇಕು. ನಾಲ್ಕು ಕೊಂಬಿನ ಕೊಂಡುಕುರಿ ಒಂಟಿಯಾಗಿ ಅಡಗಿ ಬದುಕುವ ಪ್ರಾಣಿ. ಅದಕ್ಕೆ ಪೊದೆಯ ಮರೆ ಬೇಕು, ಹತ್ತಿರದಲ್ಲೇ ಕುಡಿಯುವ ನೀರೂ ಬೇಕು. ಬೇಸಿಗೆಯಲ್ಲಿ ಕಾಡಿನ ಹೊಂಡ ಬತ್ತಿದರೆ ಮೇವಿದ್ದರೂ ಅದು ಜಾಗ ಬಿಡಬೇಕಾಗುತ್ತದೆ. ರಂಗಯ್ಯನದುರ್ಗ 2011ರಲ್ಲಿ ಅಭಯಾರಣ್ಯವಾದದ್ದು ಈ ಪ್ರಾಣಿಗಾಗಿಯೇ.

ಪ್ರಶ್ನೆ: ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ. ಕಾಯಿಸಿ ಆರಿಸಿ ಕುಡಿದರೆ ಸಾಕೇ? ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಬರುತ್ತಿದೆ.
ಗೃಹಿಣಿ, ಹಿರಿಯೂರು ತಾಲ್ಲೂಕು

ಉತ್ತರ: ಸಾಲದು ತಾಯಿ, ಇನ್ನೂ ಕೆಡುತ್ತದೆ. ಕಾಯಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ಜೀವಿಯಲ್ಲ, ಕಲ್ಲಿನಿಂದ ಕರಗಿ ಬಂದ ಲವಣ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಬಟ್ಟೆ ಸೋಸಣಿಗೆ, ಕ್ಯಾಂಡಲ್ ಫಿಲ್ಟರ್‌ಗೂ ಅದು ಸಿಗುವುದಿಲ್ಲ. ಆರ್‌ಓ ಯಂತ್ರ ತೆಗೆಯುತ್ತದೆ, ಒಳಗೆ ನೀರು ಸೋಸುವ ಪೊರೆ ಹಳತಾದರೆ ತೆಗೆಯುವುದಿಲ್ಲ. ಹಾಗಾಗಿ ಯಂತ್ರದಿಂದ ಹೊರಬಂದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಗ್ರಾನೈಟಿನಂಥ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಕೂತ ನೀರು ವರ್ಷಗಟ್ಟಲೆ ಖನಿಜದ ಜತೆ ಇದ್ದು ಫ್ಲೋರೈಡನ್ನು ಎಳೆದುಕೊಳ್ಳುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ನೀರೇ ಇಲ್ಲದಾಗ 1.5ರವರೆಗೆ ಒಪ್ಪುತ್ತಾರೆ. ಎಂಟು ವರ್ಷದೊಳಗೆ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ ಮಿತಿ ಮೀರಿದರೆ ಕಲೆ ಬರುತ್ತದೆ. ಬಂದ ಕಲೆ ಉಜ್ಜಿದರೆ ಹೋಗುವುದಿಲ್ಲ. ಚಿಕ್ಕ ಮಕ್ಕಳಿಗೆ ಮೊದಲು ನೀರು ಬದಲಿಸಿ. ಮಾದರಿಯನ್ನು ಗಾಜಿನ ಶೀಶೆಯಲ್ಲಿ ಅಲ್ಲ, ಅದೇ ನೀರಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ. ಫ್ಲೋರೈಡ್ ಗಾಜಿನೊಂದಿಗೆ ಸೇರಿಕೊಂಡು ಲೆಕ್ಕ ಕೆಡಿಸುತ್ತದೆ.

ನಿಮ್ಮ ಕಡೆಗೆ ಒಳ್ಳೆಯ ದಾರಿ ಮಳೆನೀರು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 20 ಅಡಿ ಅಗಲ, 30 ಅಡಿ ಉದ್ದದ ಸೂರು ಸುಮಾರು 56 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದು ಹಿಡಿದು, ಐದರಲ್ಲಿ ಒಂದು ಪಾಲು ಪೋಲಾಯಿತು ಎಂದರೂ 22,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್‌ನಂತೆ ವರ್ಷಕ್ಕೆ 9,000 ಸಾಕು. ಇಷ್ಟನ್ನು ಹಿಡಿದಿಡುವ ತೊಟ್ಟಿಗೇ ಖರ್ಚು. ಬೇಸಿಗೆಯ ನಾಲ್ಕು ತಿಂಗಳಿಗೆ 3,000 ಲೀಟರ್ ತೊಟ್ಟಿಯಿಂದ ಶುರು ಮಾಡಬಹುದು. ಮೊದಲ ಮಳೆಯ ನೂರು ಲೀಟರನ್ನು ಹೊರಗೆ ಬಿಡಿ, ಸೂರಿನ ದೂಳು, ಹಕ್ಕಿ ಹಿಕ್ಕೆ ಅದರಲ್ಲಿ ತೊಳೆದು ಹೋಗುತ್ತದೆ. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಮುಚ್ಚಳ ಬಿಗಿಯಾಗಿರಲಿ, ಗಾಳಿ ಕೊಳವೆಯ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ಕಾಯಿಸಿ ಆರಿಸುವ ನಿಮ್ಮ ಅಭ್ಯಾಸವನ್ನು ಈ ನೀರಿಗೆ ಮುಂದುವರಿಸಿ, ಇಲ್ಲಿ ಅದು ಬೇಕು.